ಗುಲಗಂಜಿಯಷ್ಟು ತಪ್ಪು

ತಿರುಮಕೂಡಲು ನರಸೀಪುರದ ಗುಂಜಾನರಸಿಂಹಸ್ವಾಮಿಯ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೆಂದು ಆ ಸೀಮೆಯ ಹಿರಿಯರು ಹೇಳುತ್ತಾರೆ. ಗುಲಗಂಜಿ ಹಿಂದೆ ಅಕ್ಕಸಾಲಿಗರೂ ನಾಟಿ ಪಂಡಿತರೂ ಬಳಸುತ್ತಿದ್ದ ತೂಕ; ಇಂದಿನ ಲೆಕ್ಕದಲ್ಲಿ ಸುಮಾರು 120 ಮಿಲಿಗ್ರಾಂ. ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ಕೊಡುವ ಆಮ್ಲೋಡಿಪಿನ್ ಮಾತ್ರೆಯೊಂದರಲ್ಲಿರುವ ಔಷಧವಾದರೋ 5 ಮಿಲಿಗ್ರಾಂ. ಅಂದರೆ ಗುಲಗಂಜಿಯ ಇಪ್ಪತ್ತನಾಲ್ಕನೆಯ ಒಂದು ಪಾಲು. ಅಷ್ಟು ಚಿಕ್ಕ ವಸ್ತುವು ಒಬ್ಬ ಎಳೆಯ ದಾದಿಯ ನಿದ್ರೆಯನ್ನು ತಿಂಗಳುಗಟ್ಟಲೆ ಕಸಿದುಕೊಳ್ಳಬಲ್ಲುದೆಂಬುದನ್ನು ಹೊರಗಿನವರು ಅರಿಯರು.

ಆ ಊರಿನ ಒಬ್ಬ ಹುಡುಗಿಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮೈಸೂರಿನಲ್ಲಿ ಶುಶ್ರೂಷಾ ಶಿಕ್ಷಣವನ್ನು ಮುಗಿಸಿ, ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸಿಕೊಂಡು, ನಂಜನಗೂಡಿನ ಕಡೆಯ ಒಂದು ಆಸ್ಪತ್ರೆಗೆ ಸೇರಿ ಒಂದು ತಿಂಗಳಾಗಿದೆ. ಕಲಿಯುವಾಗ ಬೆನ್ನ ಹಿಂದೆ ಸದಾ ಒಬ್ಬ ಉಪಾಧ್ಯಾಯಿನಿ ಇರುತ್ತಿದ್ದರು. ಈಗ ಔಷಧದ ಬೀರುವಿನ ಬೀಗದ ಕೈ ಅವಳ ಸೊಂಟದಲ್ಲಿದೆ. ಹಿಂದೆ ಯಾರೂ ಇಲ್ಲ. ಪಾಳಿ ಮುಗಿಸಿ ಬಸ್ಸು ಹತ್ತಿದ ಮೇಲೂ ಮೂರನೆಯ ಮಂಚದ ಡ್ರಿಪ್ಪನ್ನು ನಿಲ್ಲಿಸಿದೆನೋ ಇಲ್ಲವೋ ಎಂದು ಮನಸ್ಸು ಕೇಳುತ್ತದೆ.

ನಂಜನಗೂಡಿನ ಸೀಮೆಯಲ್ಲಿ ಶ್ರೀಕಂಠೇಶ್ವರನ ಹೆಸರನ್ನಿಟ್ಟುಕೊಳ್ಳದ ಮನೆ ಕಡಿಮೆ. ಒಂದೇ ವಾರ್ಡಿನಲ್ಲಿ ಇಬ್ಬರು ನಂಜಮ್ಮಂದಿರಿರುವುದು ಅಲ್ಲಿ ಆಶ್ಚರ್ಯದ ಸಂಗತಿಯೇನೂ ಅಲ್ಲ. ಆ ರಾತ್ರಿಯೂ ಹಾಗೆಯೇ ಆಗಿತ್ತು. ಒಬ್ಬರು ರಕ್ತದೊತ್ತಡದವರು, ಮತ್ತೊಬ್ಬರು ಜ್ವರದಿಂದ ಸೇರಿದ ವೃದ್ಧೆ, ಮಂಚಗಳು ಅಕ್ಕಪಕ್ಕ. ಅವಳು ಮಾತ್ರೆಯನ್ನು ಹಿಡಿದು ಬರುವಾಗ ಇನ್ನೊಬ್ಬ ರೋಗಿಯ ಕಡೆಯವರು ಅಡ್ಡ ನಿಂತು ಏನನ್ನೋ ಕೇಳಿದರು. ಉತ್ತರ ಹೇಳಿ ತಿರುಗಿದವಳು, “ನಂಜಮ್ಮನವರಲ್ಲವೆ?” ಎಂದಳು. ನಿದ್ದೆಗಣ್ಣಿನ ಅಜ್ಜಿ, “ಹೂಂ ಕಣವ್ವ” ಎಂದು ಮಾತ್ರೆಯನ್ನು ನುಂಗಿದರು. ಹತ್ತು ನಿಮಿಷದ ಮೇಲೆ ಪಕ್ಕದ ಮಂಚದಿಂದ ಧ್ವನಿ ಬಂದಿತು: “ನನ್ನ ಮಾತ್ರೆ ಕೊಡಲಿಲ್ಲವಲ್ಲ, ಕೂಸೇ?”

ಅವಳ ಕೈಕಾಲು ತಣ್ಣಗಾದುವು. ಇನ್ನೊಂದು ಮಾತ್ರೆಯನ್ನು ತಂದು ಇವರಿಗೂ ಕೊಟ್ಟುಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಕೆಲಸ ಇನ್ನೂ ಖಾಯಂ ಆಗಿಲ್ಲ. ಓದಿಗೆಂದು ತಂದೆ ಮಾಡಿದ ಸಾಲ ತೀರಿಲ್ಲ. ಎರಡು ನಿಮಿಷ ಅವಳು ಬೀರುವಿನ ಮುಂದೆ ನಿಂತೇ ಇದ್ದಳು. ಅನಂತರ ಹಿರಿಯ ಸಿಸ್ಟರ್ ಬಳಿಗೆ ಹೋಗಿ ನಡೆದುದನ್ನು ಹೇಳಿದಳು, ಹೇಳುತ್ತಲೇ ಅತ್ತಳು.

“ಮೊದಲು ಅಜ್ಜಿಯ ನಾಡಿ ನೋಡು, ಬಿ.ಪಿ. ನೋಡು. ಆಮೇಲೆ ಅಳುವೆಯಂತೆ,” ಎಂದರು ಆಕೆ.

ಈ ಒಂದು ಮಾತಿನಲ್ಲಿ ಎಲ್ಲ ಪಾಠವೂ ಅಡಗಿದೆ. ತಪ್ಪಾದ ಗಳಿಗೆಯಲ್ಲಿ ಮೊದಲ ಸ್ಥಾನ ರೋಗಿಯದು. ತಪ್ಪು ಮಾಡಿದವಳ ಸಂಕಟಕ್ಕೆ ಎರಡನೆಯ ಸ್ಥಾನ. ವೈದ್ಯರಿಗೆ ಸುದ್ದಿ ಹೋಯಿತು. ಆ ಮಾತ್ರೆಯ ಪ್ರಭಾವವು ನಿಧಾನವಾಗಿ, ಆರರಿಂದ ಹನ್ನೆರಡು ಗಂಟೆಗಳಲ್ಲಿ ಏರತಕ್ಕುದು. ಆದುದರಿಂದ ಬೆಳಗಿನವರೆಗೆ ಒತ್ತಡವನ್ನು ಮೇಲಿಂದ ಮೇಲೆ ಅಳೆಯಬೇಕೆಂದೂ, ಅಜ್ಜಿಯನ್ನು ಒಬ್ಬರನ್ನೇ ಎದ್ದು ಹೋಗಲು ಬಿಡಬಾರದೆಂದೂ ವೈದ್ಯರು ತಿಳಿಸಿದರು. ಎಲ್ಲವೂ ಸಮಯಸಹಿತವಾಗಿ ದಾಖಲಾಯಿತು. ನಸುಕಿನಲ್ಲಿ ಬಚ್ಚಲಿಗೆ ಎದ್ದ ಅಜ್ಜಿಗೆ ತಲೆ ಸುತ್ತಿತು. ಹಿಡಿದುಕೊಳ್ಳಲು ಪಕ್ಕದಲ್ಲಿ ಆ ಹುಡುಗಿ ಇದ್ದಳು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಹೇಳಿದ ತಪ್ಪಿಗೂ ಹೇಳದ ತಪ್ಪಿಗೂ ಇರುವ ಅಂತರ ಇಷ್ಟೆ. ಬೆಳಗ್ಗೆ ವಿಷಯ ತಿಳಿದ ಅಜ್ಜಿಯ ಮಗನು ಸಿಡುಕಿದನು, ಅದು ಸಹಜವೇ. ಅವಳು ತಲೆ ತಗ್ಗಿಸಿ ಕೇಳಿಕೊಂಡಳು.

ಮನೆಯಲ್ಲಿ ಅವಳು ಊಟ ಮಾಡಲಿಲ್ಲ. “ಈ ಕೆಲಸವೇ ಬೇಡ, ಬಿಟ್ಟುಬಿಡು ಮಗಳೇ,” ಎಂದರು ತಾಯಿ. “ಯಾರಿಗೂ ಗೊತ್ತಿರಲಿಲ್ಲವಲ್ಲ, ನೀನೇಕಮ್ಮ ಬಾಯಿ ಬಿಟ್ಟೆ?” ಎಂದರು ಸೋದರಮಾವ. ಎರಡೂ ಮಾತು ಪ್ರೀತಿಯಿಂದಲೇ ಬಂದುವು. ಎರಡೂ ಅವಳಿಗೆ ನೆರವಾಗಲಿಲ್ಲ. ಮೊದಲನೆಯದು ಅವಳು ಈ ವೃತ್ತಿಗೆ ಅಯೋಗ್ಯಳೆಂದಿತು. ಎರಡನೆಯದು ಅವಳು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವನ್ನು ತಪ್ಪೆಂದಿತು.

ಹೊಸ ದಾದಿಯರ ಈ ತಳಮಳವು ನಮ್ಮ ಸೀಮೆಗೆ ಮಾತ್ರ ಸೇರಿದುದಲ್ಲ. ಶಾಲೆಯ ಪಾಠಕ್ಕೂ ವಾರ್ಡಿನ ಬಾಳಿಗೂ ಇರುವ ಬಿರುಕಿನಲ್ಲಿ ಸಿಕ್ಕ ಹೊಸಬರ ಸ್ಥಿತಿಯನ್ನು ಅಮೆರಿಕದ ಮಾರ್ಲೀನ್ ಕ್ರೇಮರ್ 1974ರಲ್ಲಿಯೇ ‘ವಾಸ್ತವದ ಆಘಾತ’ವೆಂದು ಕರೆದರು. ದಾದಿಯ ಬೆಳವಣಿಗೆಯಲ್ಲಿ ಐದು ಮೆಟ್ಟಿಲುಗಳುಂಟೆಂದು ಪ್ಯಾಟ್ರಿಷಿಯಾ ಬೆನ್ನರ್ 1984ರಲ್ಲಿ ವಿವರಿಸಿದರು; ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಕಳೆದ ಮೇಲೆಯೇ ಮೂರನೆಯ ಮೆಟ್ಟಿಲಾದ ಸಾಮರ್ಥ್ಯವು ಕೈಗೂಡುವುದೆಂಬುದು ಅವರ ಮತ. ಒಂದು ತಿಂಗಳ ದಾದಿಯು ಇಪ್ಪತ್ತು ವರ್ಷದ ಸಿಸ್ಟರ್‌ಗೆ ತನ್ನನ್ನು ಹೋಲಿಸಿಕೊಂಡು ಕೊರಗುವುದು, ನಿನ್ನೆ ನಟ್ಟ ಸಸಿಯಲ್ಲಿ ರಸಬಾಳೆಯ ಗೊನೆಯನ್ನು ಹುಡುಕಿದಂತೆ.

ತಪ್ಪಿನ ಮೂಲವೂ ಒಬ್ಬಳಲ್ಲಿಯೇ ಇರುವುದಿಲ್ಲ. ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು 1999ರಲ್ಲಿ ಹೊರಡಿಸಿದ ಪ್ರಸಿದ್ಧ ವರದಿಯು, ಆಸ್ಪತ್ರೆಯ ತಪ್ಪುಗಳಿಗೆ ಕೆಟ್ಟ ಜನರಿಗಿಂತ ಕೆಟ್ಟ ಏರ್ಪಾಡುಗಳೇ ಹೆಚ್ಚಾಗಿ ಕಾರಣವೆಂದು ಸಾರಿತು. ಔಷಧಗಳಿಂದಾಗುವ ಹಾನಿಯನ್ನು ತಗ್ಗಿಸಲು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಜಗತ್ತಿನಾದ್ಯಂತ ಒಂದು ಪ್ರಯತ್ನವನ್ನೇ ಆರಂಭಿಸಿತು. ಒಂದೇ ಹೆಸರಿನವರಿಗೆ ಅಕ್ಕಪಕ್ಕದ ಮಂಚ, ನಡುವೆ ಅಡ್ಡ ಬಂದ ಮಾತು, ರಾತ್ರಿಯ ದಣಿವು—ಇವಿಷ್ಟೂ ಸೇರಿದಾಗಲೇ ಆ ಮಾತ್ರೆ ದಾರಿ ತಪ್ಪಿತು. ಹಾಗೆಂದು ಅವಳ ಹೊಣೆ ಇಲ್ಲವಾಗುವುದಿಲ್ಲ. ಹೊಣೆಯು ಕೊರಗುವ ಬದಲು ಮುಂದಿನ ಸಲದ ಎಚ್ಚರವಾಗಬೇಕು.

ಆ ಎಚ್ಚರದ ದಾರಿಯೂ ಸರಳವೇ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ—ಈ ಐದನ್ನೂ ಪ್ರತಿಯೊಂದು ಸಲವೂ ನೋಡಬೇಕು. “ನೀವು ನಂಜಮ್ಮನವರೆ?” ಎಂದರೆ ನಿದ್ದೆಯಲ್ಲಿರುವವರು ಹೂಂಗುಟ್ಟುತ್ತಾರೆ, “ನಿಮ್ಮ ಹೆಸರೇನಮ್ಮ?” ಎಂದು ಕೇಳಿ, ನೋಂದಣಿಯ ಸಂಖ್ಯೆಯನ್ನೂ ಹೋಲಿಸಿ ನೋಡಬೇಕು. ಒಂದೇ ಹೆಸರಿನವರ ಚೀಟಿಗಳ ಮೇಲೆ ಕೆಂಪು ಗುರುತು ಹಾಕಬೇಕು. ಫೋನಿನಲ್ಲಿ ವೈದ್ಯರು ಹೇಳಿದುದನ್ನು ಬರೆದುಕೊಂಡು ಅವರಿಗೇ ಓದಿ ಹೇಳಬೇಕು. ಸಂದೇಹ ಬಂದಾಗ ಕೇಳಲು ನಾಚಬಾರದು. ಪಾಳಿ ಬಿಡುವ ಮುನ್ನ ಮುಗಿದ ಕೆಲಸಗಳ ಪಟ್ಟಿಗೆ ಗುರುತು ಹಾಕಿದರೆ, ಬಸ್ಸಿನಲ್ಲಿ ಮನಸ್ಸು ಕೇಳುವ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ. ಲೇಬಲ್ಲನ್ನು ಎರಡು ಸಲ ಓದಿಸುವ ಭಯವು ಮಿತ್ರ. ವಾರಗಟ್ಟಲೆ ಊಟ ನಿದ್ರೆಗಳನ್ನು ಕೆಡಿಸುವ ಭಯಕ್ಕೆ ಚಿಕಿತ್ಸೆ ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರ ಪಾಲೇನು? ತಪ್ಪು ಮಾಡಿ ನೊಂದ ವೈದ್ಯಸಿಬ್ಬಂದಿಯನ್ನು ಆಲ್ಬರ್ಟ್ ವು ಎಂಬ ವೈದ್ಯರು 2000ದಲ್ಲಿ ‘ಎರಡನೆಯ ಬಲಿಪಶು’ ಎಂದು ಕರೆದು, ಅವರಿಗೂ ಆಸರೆ ಬೇಕೆಂದು ಬರೆದರು. ಆ ಆಸರೆಗೆ ದೊಡ್ಡ ವಿದ್ಯೆಯೇನೂ ಬೇಡ. ಆ ದಿನ ಸಂಜೆ ತಂದೆಯು ಮಗಳ ಪಕ್ಕದಲ್ಲಿ ಕುಳಿತು, “ಅಜ್ಜಿ ಈಗ ಹೇಗಿದ್ದಾರಮ್ಮ?” ಎಂದು ಮಾತ್ರ ಕೇಳಿದರು. “ಚೆನ್ನಾಗಿದ್ದಾರೆ ಅಪ್ಪ,” ಎಂದಳು. “ಹಾಗಾದರೆ ಏಳು, ಊಟ ಮಾಡು. ನಾಳೆಯೂ ಅವರನ್ನು ನೋಡಿಕೊಳ್ಳಬೇಕಲ್ಲ.” ಅವಳು ಎದ್ದಳು.

ನಂಜನ್ನುಂಡು ಅದನ್ನು ಕಂಠದಲ್ಲಿಯೇ ತಡೆದಿಟ್ಟುಕೊಳ್ಳುವ ಶಕ್ತಿ ನಂಜನಗೂಡಿನ ಸ್ವಾಮಿಗೆ ಇತ್ತು. ಮನುಷ್ಯರಿಗೆ ಅದು ಇಲ್ಲ. ನುಂಗಿದ ತಪ್ಪು ನುಂಗಿದವರನ್ನೂ ಸುಡುತ್ತದೆ, ಹಾಸಿಗೆಯಲ್ಲಿರುವವರನ್ನೂ ಸುಡುತ್ತದೆ. ಗುಲಗಂಜಿಯಷ್ಟಿರುವಾಗಲೇ ಅದನ್ನು ಹೊರಗೆ ಹೇಳುವ ಧೈರ್ಯವನ್ನು ಮಕ್ಕಳಿಗೆ ಮೊದಲು ಕಲಿಸಬೇಕಾದ ಸ್ಥಳ ಆಸ್ಪತ್ರೆಯಲ್ಲ, ಮನೆ.