ನಮ್ಮ ಹುಡುಗೀದು ಮುಗೀತಲ್ರೀ!

ಕಳೆದ ಚಳಿಗಾಲದ ಮಾತು. ನಿಡಸೋಸಿಯ ಆಸುಪಾಸಿನ ಒಂದು ಊರಿನಲ್ಲಿ ನೃತ್ಯಶಾಲೆಯೊಂದರ ಹುಡುಗಿಯರು ‘ಮೋಹಿನಿ ಭಸ್ಮಾಸುರ’ ನೃತ್ಯನಾಟಕವನ್ನು ಆಡುತ್ತಾರೆಂದು ಕರೆಯೋಲೆ ಬಂದಿತ್ತು. ಸಂಜೆ ಐದೂವರೆಗೆ ಸರಿಯಾಗಿ ಎಂದು ಅಚ್ಚು ಹಾಕಿಸಿದ್ದರು. ಆ ‘ಸರಿಯಾಗಿ’ ಎಂಬ ಮಾತನ್ನು ನಂಬಿದವನು ನಾನೊಬ್ಬನೇ ಎಂಬುದು ಹೋದಮೇಲೆ ತಿಳಿಯಿತು. ಅತಿಥಿಗಳು ಬಂದದ್ದು ಏಳು ಗಂಟೆಗೆ. ವೇದಿಕೆಯ ಮೇಲೆ ಹನ್ನೊಂದು ಕುರ್ಚಿ. ಹನ್ನೊಂದು ಶಾಲು, ಹನ್ನೊಂದು ಹಾರ, ಒಂಬತ್ತು ಭಾಷಣ. ಒಂಬತ್ತರಲ್ಲಿಯೂ ಕಲೆಯನ್ನು ಉಳಿಸಬೇಕೆಂಬ ಕರೆ ಇತ್ತು. ಉಳಿಸಬೇಕಾದ ಕಲೆಯಾದರೋ ಮುಖಕ್ಕೆ ಬಣ್ಣ ಬಳಿದುಕೊಂಡು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಪರದೆಯ ಹಿಂದೆ ತೂಕಡಿಸುತ್ತಿತ್ತು!

ಭಾಷಣ ಮುಗಿದೊಡನೆ ಅತಿಥಿಗಳು ‘ಇನ್ನೊಂದು ಕಾರ್ಯಕ್ರಮವಿದೆ’ ಎಂದು ಎದ್ದರು. ಅವರ ಬೆನ್ನಿಗೆ ಮುಂದಿನ ಎರಡು ಸಾಲು ಎದ್ದಿತು. ಆಮೇಲೆ ಚಿಕ್ಕ ಮಕ್ಕಳ ಬಿಡಿ ಕುಣಿತಗಳು. ಒಂದೊಂದು ತಂಡ ರಂಗದಿಂದಿಳಿದಂತೆಲ್ಲ ಸಭೆಯಲ್ಲಿ ಒಂದೊಂದು ಸಾಲು ಖಾಲಿಯಾಗುತ್ತ ಬಂತು. ನನ್ನ ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬರು ಚೀಲ ಎತ್ತಿಕೊಂಡು ಹೊರಟಾಗ ತಡೆಯಲಾರದೆ ಕೇಳಿದೆ: “ಯಾಕ್ರೀ ಅಕ್ಕಾರ, ಆಟ ಇನ್ನ ಚಾಲೂನ ಆಗಿಲ್ಲ, ಆಗಲೇ ಹೊಂಟ್ರಿ?” ಆಕೆ ನನ್ನನ್ನು ವಿಚಿತ್ರ ಪ್ರಾಣಿಯನ್ನು ನೋಡುವಂತೆ ನೋಡಿ ಹೇಳಿದರು: “ನಮ್ಮ ಹುಡುಗೀದು ಮುಗೀತಲ್ರೀ!”

ಭಸ್ಮಾಸುರನ ವೇಷದ ಹುಡುಗಿ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡಾಗ ರಾತ್ರಿ ಹತ್ತು ದಾಟಿತ್ತು. ಎಣಿಸಿದೆ, ಧ್ವನಿವರ್ಧಕದವನೂ ಸೇರಿ ಇಪ್ಪತ್ತಮೂರು ಜನ ಉಳಿದಿದ್ದರು. ಹನ್ನೆರಡು ಹದಿಮೂರು ವರ್ಷದ ಆ ಹುಡುಗಿ ಬಲು ಚೆನ್ನಾಗಿ ಕುಣಿದಳು. ಆರು ತಿಂಗಳ ಶ್ರಮ ಅವಳ ಹೆಜ್ಜೆಯಲ್ಲಿ ಕಾಣುತ್ತಿತ್ತು. ಆದರೆ ಅವಳು ಬಗ್ಗಿ ನಮಸ್ಕರಿಸಿದ್ದು ಖಾಲಿ ಕುರ್ಚಿಗಳಿಗೆ. ಅವಳು ಮುಂದಿನ ವರ್ಷ ಮತ್ತೆ ಗೆಜ್ಜೆ ಕಟ್ಟುವಳೋ ಇಲ್ಲವೋ ಎಂಬುದು ಆ ಗಳಿಗೆಯಲ್ಲಿಯೇ ತೀರ್ಮಾನವಾಗಿರಬಹುದು.

ಇಂಥ ಆಟಗಳಿಗೆ ಬರುವವರು ಯಾರು? ಒಮ್ಮೆ ನಿಷ್ಠುರವಾಗಿ ಲೆಕ್ಕ ಹಾಕೋಣ. ಮೊದಲನೆಯವರು ತಾಯಿತಂದೆಗಳು, ಅಜ್ಜ ಅಜ್ಜಿಯರು. ಇವರು ನೋಡುವುದು ಆಟವನ್ನಲ್ಲ, ತಮ್ಮ ಮಗುವನ್ನು. ಅದೂ ಮೊಬೈಲಿನ ಗಾಜಿನೊಳಗೆ. ಎರಡನೆಯವರು ತಮ್ಮ ಸರದಿಗಾಗಿ ಕಾದಿರುವ ಮಕ್ಕಳು. ಮೂರನೆಯವರು ವೇದಿಕೆಯ ಗಣ್ಯರು ಮತ್ತು ಅವರ ಹಿಂಬಾಲಕರು. ನಾಲ್ಕನೆಯವರು, ಕರೆದಾಗ ಹೋಗದಿದ್ದರೆ ತಪ್ಪು ತಿಳಿದಾರೆಂದು ಮುಖ ತೋರಿಸಿ ಹೋಗುವ ನನ್ನಂಥವರು. ಕಥೆ ಏನಾಗುತ್ತದೆ ನೋಡೋಣ ಎಂದು, ರಂಗದ ಮೇಲಿರುವ ಯಾರಿಗೂ ಏನೂ ಆಗಬೇಕಿಲ್ಲದ ಐದನೆಯವನೊಬ್ಬ ಬರಬೇಕಲ್ಲ, ಅವನೇ ಪ್ರೇಕ್ಷಕ. ಮಿಕ್ಕವರು ಬಂಧುಬಳಗ. ಬಂಧುಬಳಗ ತುಂಬಿದ ಮನೆ ಮದುವೆಮನೆಯಾದೀತು, ರಂಗಮಂದಿರವಾಗದು.

ಈ ಮಾತು ಬಂದಾಗಲೆಲ್ಲ ಕಾರ್ಯಕರ್ತರ ಬಾಯಲ್ಲಿ ಒಂದು ಸಿದ್ಧ ಉತ್ತರವಿರುತ್ತದೆ. ‘ಜನರಿಗೆ ಅಭಿರುಚಿ ಇಲ್ಲ, ದೂರದರ್ಶನ ಬಂತು, ಮೊಬೈಲು ಬಂತು, ಜನ ಕೆಟ್ಟರು’ ಎನ್ನುತ್ತಾರೆ. ಕುಣಿಯಲು ಬಾರದವಳು ಅಂಗಳ ಡೊಂಕೆಂದಳಂತೆ. ಇಲ್ಲಿ ಕುಣಿಸಲು ಬಾರದವರು ಊರೇ ಡೊಂಕು ಎನ್ನುತ್ತಿದ್ದಾರೆ, ಅಷ್ಟೇ ವ್ಯತ್ಯಾಸ. ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿರಿ. ಮೊಬೈಲಿನ ಈ ಕಾಲದಲ್ಲಿಯೂ ನಾಟಕ ಕಂಪನಿಗಳು ಸಾಲುಸಾಲಾಗಿ ಥಿಯೇಟರು ಕಟ್ಟುತ್ತವೆ. ದಿನಕ್ಕೆ ಹಲವು ಆಟ. ಜನ ಚಳಿಯಲ್ಲಿ ನಿಂತು ಟಿಕೀಟು ಕೊಳ್ಳುತ್ತಾರೆ. ಅಲ್ಲಿಯದು ಅಗ್ಗದ ಹಾಸ್ಯ ಎಂದು ನೀವು ಮೂಗು ಮುರಿಯಬಹುದು. ಕೆಲವು ಕಡೆ ಅದು ನಿಜವೂ ಹೌದು. ಆದರೆ ಕಾಸು ಕೊಟ್ಟು ಎರಡು ಮೂರು ತಾಸು ಕೂಡ್ರುವ ಅಭ್ಯಾಸ ಈ ಜನರಲ್ಲಿ ಸತ್ತಿಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಷ್ಟು ದೂರವಾದರೂ ಏಕೆ? ನಾವು ನಿಂತಿರುವ ನೆಲವೇ ಪಾರಿಜಾತದ ನೆಲ. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಜನಪ್ರಿಯ ಆಟವಾಗಿ ರೂಪುಗೊಂಡದ್ದು ಕುಲಗೋಡ ತಮ್ಮಣ್ಣನ ಕೈಯಲ್ಲಿ. ಆ ಕುಲಗೋಡ ಇದೇ ಗೋಕಾಕ ಮೂಡಲಗಿಗಳ ಸೀಮೆಯದು. ಹೆಣ್ಣುಮಕ್ಕಳು ರಂಗಕ್ಕೆ ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ ಮೇಳ ಕಟ್ಟಿಕೊಂಡು ಪಾರಿಜಾತವನ್ನು ಊರೂರಿಗೆ ಒಯ್ದ ಕೌಜಲಗಿ ನಿಂಗಮ್ಮನೂ ಇಲ್ಲಿಯವಳೇ. ಆ ಆಟದ ಕಥೆಯಾದರೂ ಎಷ್ಟರದು? ನಾರದ ತಂದ ಒಂದು ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ. ಸತ್ಯಭಾಮೆಗೆ ಸಿಟ್ಟು ಬಂತು. ಇಷ್ಟನ್ನೇ ನಮ್ಮ ಅಜ್ಜಂದಿರು ಇಡಿಯ ರಾತ್ರಿ ಕಣ್ಣು ಮುಚ್ಚದೆ ನೋಡಿದರು. ನಿನ್ನೆ ನೋಡಿದ್ದನ್ನು ಪಕ್ಕದ ಊರಿನಲ್ಲಿ ಇವತ್ತು ಮತ್ತೆ ನೋಡಿದರು. ಭಾಮೆಯ ಒಂದು ರಾಗ ಎಳೆತಪ್ಪಿದರೆ ಹಿಂದಿನ ಸಾಲಿನಿಂದ ಕೆಮ್ಮು ಕೇಳಿಸುತ್ತಿತ್ತು. ನಡುವೆ ನಿಂತ ಭಾಗವತ ಪಾತ್ರಗಳನ್ನು ಮಾತಿಗೆಳೆದು, ಕೆಣಕಿ, ನೋಡುವವರ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ತಾನೇ ಕೇಳಿಬಿಡುತ್ತಿದ್ದ. ಅವರು ಯಾರೂ ಭಾಮೆಯ ಸೋದರಮಾವಂದಿರಾಗಿರಲಿಲ್ಲ!

ನೋಡುವವರಿಂದ ಏನು ಹುಟ್ಟುತ್ತದೆ ಎಂಬುದಕ್ಕೂ ಇಲ್ಲಿಯೇ ನಿದರ್ಶನವಿದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಬಯಲಾಟಗಳ ನಡುವೆ ಬೆಳೆದವರು. ಆ ಕಸುವನ್ನೇ ‘ಜೋಕುಮಾರಸ್ವಾಮಿ’ಯಂಥ ನಾಟಕಗಳಿಗೆ ತಂದು ನಗರದ ರಂಗವನ್ನು ಬೆಚ್ಚಿಸಿದರು. ಅಟ್ಟದ ಮುಂದೆ ಕುಳಿತು ನೋಡುವ ಹುಡುಗನೊಬ್ಬ ಇದ್ದರಲ್ಲವೆ ನಾಳೆ ಒಬ್ಬ ಕವಿ?

ಮಕ್ಕಳ ಆಟಕ್ಕೆ ಬೇರೆಯವರು ಬರುವುದು ಸಾಧ್ಯವೇ ಎಂದು ಕೇಳುವವರು ಕರಾವಳಿಯತ್ತ ನೋಡಬೇಕು. ಸಾಲಿಗ್ರಾಮದ ಮಕ್ಕಳ ಮೇಳ 1970ರ ದಶಕದಿಂದ ಮಕ್ಕಳಿಂದಲೇ ಯಕ್ಷಗಾನ ಆಡಿಸಿಕೊಂಡು ಬಂದಿದೆ. ಉಡುಪಿಯಲ್ಲಿ ಪ್ರೌಢಶಾಲೆಗಳ ಮಕ್ಕಳಿಗೆ ಯಕ್ಷಗಾನ ಕಲಿಸಿ, ವರ್ಷಕ್ಕೊಮ್ಮೆ ದಿನಗಟ್ಟಲೆ ಕಿಶೋರ ಯಕ್ಷಗಾನ ನಡೆಸುತ್ತಾರೆ. ಅಲ್ಲಿ ಮಗು ಮೂರು ನಿಮಿಷದ ಹಾಡಿಗೆ ಕೈಕಾಲು ಆಡಿಸಿ ಇಳಿಯುವುದಿಲ್ಲ. ಇಡಿಯ ಪ್ರಸಂಗವೊಂದರಲ್ಲಿ ಪಾತ್ರವಾಗುತ್ತದೆ. ಭಾಗವತರು ಎದುರಿಗೇ ಹಾಡುತ್ತಾರೆ. ಚೆಂಡೆ ಎದುರಿಗೇ ಮೊಳಗುತ್ತದೆ. ತನ್ನ ಮಗನ ವೇಷ ಬಂದು ಹೋದರೂ ತಾಯಿ ಏಳಲಾರಳು. ಏಕೆಂದರೆ ಕಥೆ ಮುಗಿದಿಲ್ಲ. ಪ್ರಸಂಗ ಬಲ್ಲ ಪಕ್ಕದ ಮನೆಯ ಹಿರಿಯರು, ಈ ಪೋರ ಅದನ್ನು ಹೇಗೆ ನಿಭಾಯಿಸುತ್ತಾನೆ ನೋಡೋಣ ಎಂದು ಕೂಡ್ರುತ್ತಾರೆ.

ಸಾಗರದಾಚೆಯ ಒಂದು ಮಾತನ್ನೂ ಹೇಳಬೇಕು. ಚೈಕೋವ್‌ಸ್ಕಿಯ ಸಂಗೀತದ ‘ನಟ್‌ಕ್ರ್ಯಾಕರ್’ ಎಂಬ ಬ್ಯಾಲೆ 1892ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೊದಲು ರಂಗವೇರಿದಾಗ ಹೇಳಿಕೊಳ್ಳುವಂಥ ಹೆಸರು ಪಡೆಯಲಿಲ್ಲ. ಅಮೆರಿಕದಲ್ಲಿ ಅದನ್ನು ಇಡಿಯಾಗಿ 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದವರು ಆಡಿದರು. 1954ರಲ್ಲಿ ನ್ಯೂಯಾರ್ಕಿನಲ್ಲಿ ಬ್ಯಾಲಂಚೀನ್ ಎಂಬ ನೃತ್ಯಾಚಾರ್ಯ ತನ್ನ ಶಾಲೆಯ ಮಕ್ಕಳನ್ನು ಅದರಲ್ಲಿ ಕುಣಿಸಿದ. ಇಂದು ಅಲ್ಲಿಯ ಸಣ್ಣ ಸಣ್ಣ ಊರಿನ ತಂಡಗಳೂ ಪ್ರತಿ ಡಿಸೆಂಬರಿನಲ್ಲಿ ಅದನ್ನೇ ಆಡುತ್ತವೆ, ಊರ ಮಕ್ಕಳನ್ನೇ ಕುಣಿಸುತ್ತವೆ. ಆ ಒಂದು ತಿಂಗಳ ಟಿಕೀಟಿನ ಹಣ ಎಷ್ಟೋ ತಂಡಗಳಿಗೆ ವರ್ಷದ ಆಸರೆ. ಅಲ್ಲಿಯೂ ಮೊದಲು ಬಂದವರು ತಾಯಿತಂದೆಗಳೇ ಇರಬಹುದು. ಆದರೆ ಅದೇ ಕಥೆ, ಅದೇ ಋತು, ಹಲವು ರಾತ್ರಿ ಎಂಬ ಪಾಠ ನಡೆದದ್ದರಿಂದ ಮಗು ಬೆಳೆದು ಶಾಲೆ ಬಿಟ್ಟಮೇಲೂ ಮನೆಯವರು ಬರುವುದನ್ನು ಬಿಡಲಿಲ್ಲ. ಬಂಧುಬಳಗ ಪ್ರೇಕ್ಷಕವರ್ಗವಾದದ್ದು ಹೀಗೆ.

ಆದ್ದರಿಂದ ನನ್ನ ವಾದ ಇಷ್ಟೇ: ಮೊದಲನೆಯ ಪ್ರಯೋಗ ತಾಯಿಯದು, ಪ್ರೇಕ್ಷಕನು ಹುಟ್ಟುವುದು ಎರಡನೆಯ ಪ್ರಯೋಗದಲ್ಲಿ. ನಮ್ಮ ನೃತ್ಯಶಾಲೆಗಳು ಆ ಎರಡನೆಯ ಪ್ರಯೋಗವನ್ನು ಮಾಡುವುದೇ ಇಲ್ಲ! ಆರು ತಿಂಗಳು ತಾಲೀಮು, ಒಂದು ರಾತ್ರಿ ಆಟ, ಮಾರನೆಯ ದಿನ ಬಾಡಿಗೆಯ ವೇಷ ವಾಪಸು. ಇದು ಬೆಳೆ ತೆಗೆದು ರಾಶಿ ಮಾಡದೆ ಹೊಲದಲ್ಲಿಯೇ ಬಿಟ್ಟು ಬಂದಂತೆ. ಸಂಕೇಶ್ವರದಲ್ಲಿ ಆಡಿದ್ದು ಹುಕ್ಕೇರಿಗೆ ಹೋಗಲಿ, ಗೋಕಾಕಕ್ಕೆ ಹೋಗಲಿ, ಮೂಡಲಗಿಗೆ ಹೋಗಲಿ. ಅಲ್ಲಿ ಆ ಮಕ್ಕಳಿಗೆ ಸೋದರತ್ತೆಯರಿಲ್ಲ. ಅಲ್ಲಿ ಬಂದ ಐವತ್ತು ಜನ ಐವತ್ತು ಪ್ರೇಕ್ಷಕರು.

ಇದಕ್ಕೆ ಹಣವೆಲ್ಲಿ ಎಂದು ಕೇಳುತ್ತೀರಿ. ಹನ್ನೊಂದು ಶಾಲುಗಳ ಹಣ ಎಲ್ಲಿಂದ ಬಂತು ಎಂದು ನಾನು ಕೇಳುತ್ತೇನೆ. ಶಾಲು, ಹಾರ, ಸ್ಮರಣಿಕೆ, ಬಣ್ಣಬಣ್ಣದ ಆಹ್ವಾನಪತ್ರಿಕೆ, ಊರ ಬಾಗಿಲಲ್ಲಿ ಗಣ್ಯರ ಮುಖಗಳ ಫಲಕ ಇವನ್ನೆಲ್ಲ ಬಿಟ್ಟರೆ ಒಂದು ಟೆಂಪೋದ ಬಾಡಿಗೆ ಹುಟ್ಟದೆ? ಸಭೆ ಬೇಕೇ ಬೇಕೆಂದರೆ ಮಂಗಳ ಹಾಡಿದ ಮೇಲೆ ಇರಲಿ. ಆಗ ಕಲೆಯ ಮೇಲೆ ನಿಜವಾದ ಪ್ರೀತಿಯಿರುವ ಅತಿಥಿ ಯಾರು ಎಂಬುದೂ ಗೊತ್ತಾಗುತ್ತದೆ.

ಇನ್ನು ಪುಕ್ಕಟೆ ಪ್ರವೇಶ. ಪುಕ್ಕಟೆ ಬಂದವನು ಪುಕ್ಕಟೆಯೇ ಎದ್ದು ಹೋಗುತ್ತಾನೆ. ಇಪ್ಪತ್ತು ರೂಪಾಯಿಯಾದರೂ ಟಿಕೀಟಿಡಿ. ಬಡವರ ಮಕ್ಕಳಿಗೆ ಬೇಕಾದರೆ ಬಿಡಿ. ಕಾರಿನಲ್ಲಿ ಬರುವವರಿಗೆ ಏಕೆ ಬಿಡಬೇಕು? ಕೊಲ್ಹಾಪುರ ಇಲ್ಲಿಂದ ಬಹು ದೂರವಲ್ಲ. ಅಲ್ಲಿಯ ಕೇಶವರಾವ ಭೋಸಲೆ ನಾಟ್ಯಗೃಹ 2024ರ ಆಗಸ್ಟಿನಲ್ಲಿ ಬೆಂಕಿಗೆ ಆಹುತಿಯಾದಾಗ ಊರವರು ಕಣ್ಣೀರಿಟ್ಟರು. ಟಿಕೀಟು ಕೊಂಡು ತಲೆಮಾರುಗಳಿಂದ ನಾಟಕ ನೋಡಿದವರಿಗೆ ಅದು ತಮ್ಮ ಮನೆ. ನಮ್ಮ ಊರಿನ ಸಭಾಭವನ ನಾಳೆ ಇಲ್ಲವಾದರೆ ಅಳುವವರು ಯಾರು?

ನೃತ್ಯಗುರುಗಳಿಗೂ ಒಂದು ಮಾತು, ಅವರು ಸಿಟ್ಟಾಗಬಾರದು. ಮೂವತ್ತು ಬಿಡಿ ಕುಣಿತಗಳ ಬದಲು ಒಂದು ಇಡಿಯ ಕಥೆಯನ್ನು ಕುಣಿಸಿರಿ. ಚಿಕ್ಕವರು ಗಿಡಬಳ್ಳಿಗಳಾಗಲಿ, ಭೂತಗಣಗಳಾಗಲಿ, ಕೊನೆಯ ದೃಶ್ಯದವರೆಗೆ ಎಲ್ಲರಿಗೂ ಕೆಲಸವಿರಲಿ. ಯಂತ್ರದ ಹಾಡು ಬಿಡಿರಿ. ನಮ್ಮ ಊರುಗಳಲ್ಲಿ ಭಜನೆಯ ಮೇಳಗಳಿವೆ. ಹಾರ್ಮೋನಿಯಂ, ತಬಲಾ ಬಲ್ಲವರಿದ್ದಾರೆ. ಅವರನ್ನು ಕೂಡ್ರಿಸಿದರೆ ಅವರೊಡನೆ ಅವರ ಓಣಿಯೂ ಬರುತ್ತದೆ. ಆಡುವ ಮುನ್ನ ಕನ್ನಡದಲ್ಲಿ ನಾಲ್ಕು ಮಾತು ಕಥೆ ಹೇಳಿರಿ. ಜನ ಬರುವಲ್ಲಿಗೆ ನೀವೇ ಹೋಗಿರಿ. ದುರದುಂಡೀಶ್ವರ ಮಠದ ಜಾತ್ರೆಗೆ ಸೇರುವ ಜನ ಯಾವ ಆಹ್ವಾನಪತ್ರಿಕೆಯನ್ನೂ ಕೇಳುವವರಲ್ಲ. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಕಾಲೇಜು ಇದೆ. ನೂರಾರು ತರುಣರು ಸಂಜೆ ಚಹದಂಗಡಿಯ ಮುಂದೆ ನಿಂತಿರುತ್ತಾರೆ. ಆ ರಾತ್ರಿಯ ಆಟಕ್ಕೆ ಅವರಲ್ಲೊಬ್ಬನೂ ಬಂದಂತೆ ಕಾಣಲಿಲ್ಲ. ಅವರನ್ನು ಯಾರಾದರೂ ಕರೆದಿದ್ದರೆ?

ಉಳಿದ ಇಪ್ಪತ್ತಮೂರು ಜನರಲ್ಲಿ ತಲೆಗೆ ರುಮಾಲು ಸುತ್ತಿದ ಹಿರಿಯರೊಬ್ಬರಿದ್ದರು. ಯಾವ ಮಗುವಿಗೂ ಅಜ್ಜನಲ್ಲ. ಕಡೆಯ ಬಸ್ಸು ತಪ್ಪಿತ್ತು, ಬೆಳಕು ಕಂಡು ಒಳಗೆ ಬಂದಿದ್ದರು. ಹೊರಗೆ ಬರುವಾಗ ಅವರು ತಾವಾಗಿಯೇ ಮಾತು ತೆಗೆದರು: “ಹುಡುಗಿ ಛಲೋ ಕುಣದಳ್ರೀ. ಆದ್ರ ಅಕೀ ಕೈಗೆ ವರ ಹ್ಯಾಂಗ ಬಂತು ಅನ್ನೂದ ತಿಳೀಲಿಲ್ಲ. ಹಾಡ ಯಾವ ಭಾಷಾದ್ದೋ ಏನೋ. ಪಾರಿಜಾತದಾಗ ಹಂಗ ಇರಾಂಗಿಲ್ಲ, ಭಾಗವತ ಕೇಳತಾನ.”

ಒಂಬತ್ತು ಭಾಷಣಗಳಲ್ಲಿ ಇಲ್ಲದ ವಿಮರ್ಶೆ ಈ ನಾಲ್ಕು ಮಾತಿನಲ್ಲಿತ್ತು. ಆ ರಾತ್ರಿ ಶಾಲು ಹೊದಿಸಬೇಕಾದದ್ದು ಅವರಿಗೆ. ಹೊದಿಸುವುದೂ ಬೇಡ, ಮುಂದಿನ ಸಲ ಮೊದಲ ಸಾಲಿನಲ್ಲಿ ಒಂದು ಕುರ್ಚಿ ಕೊಟ್ಟು, ಐದೂವರೆ ಎಂದರೆ ಐದೂವರೆಗೆ ಪರದೆ ಎತ್ತಿದರೆ ಸಾಕು.