ಹಳೆಯ ಪ್ರೊಸೆಸರ್‌ಗೆ ಕಡಿವಾಣ: ಹಾಕಿದವರಾರು, ಬಿಚ್ಚುವವರಾರು?

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. 2021ರಲ್ಲಿ ಬಿಡುಗಡೆಯಾದ ವಿಂಡೋಸ್ 11, ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್‌ಗಳನ್ನು ಬಹುಮಟ್ಟಿಗೆ ತನ್ನ ಅಧಿಕೃತ ಪಟ್ಟಿಯಿಂದ ಹೊರಗಿಟ್ಟಿದೆ. ಹೀಗಾಗಿ ಶಾಲೆ, ಸಹಕಾರ ಸಂಘ, ಡಿಟಿಪಿ ಅಂಗಡಿಗಳಲ್ಲಿ ನಿನ್ನೆಯವರೆಗೆ ದುಡಿದ ಗಣಕಗಳು ದಿನ ಬೆಳಗಾಗುವುದರೊಳಗೆ ಗುಜರಿಯ ಸಾಲಿಗೆ ಸೇರಿದವು. ಆದರೆ ಪಟ್ಟಿಯಿಂದ ಹೊರಬಿದ್ದ ಮಾತ್ರಕ್ಕೆ ಯಂತ್ರ ನಿಧಾನವಾಯಿತೆಂದು ಅರ್ಥವಲ್ಲ. ನಿಧಾನಗತಿಯ ಕಾರಣಗಳೇ ಬೇರೆ. ಅವುಗಳಲ್ಲಿ ಕೆಲವನ್ನು ಒಂದೇ ಸಾಲಿನ ಆದೇಶದಿಂದ ನಿವಾರಿಸಬಹುದೆಂಬುದು ಬಹುತೇಕ ಬಳಕೆದಾರರಿಗೆ ತಿಳಿಯದ ಸಂಗತಿ.

2015ರಲ್ಲಿ ಬಂದ ಇಂಟೆಲ್ ಕೋರ್ ಐ5-6200ಯು ಎಂಬ ಪ್ರೊಸೆಸರನ್ನೇ ತೆಗೆದುಕೊಳ್ಳೋಣ. ಅದರ ಮೂಲ ವೇಗ 2.3 ಗಿಗಾಹರ್ಟ್ಸ್, ಗರಿಷ್ಠ 2.8. ಅದು ಸದಾ ಆ ವೇಗದಲ್ಲಿ ಓಡುವುದಿಲ್ಲ. ಯಾವಾಗ ಎಷ್ಟು ಓಡಬೇಕೆಂದು ಕಾರ್ಯಾಚರಣಾ ವ್ಯವಸ್ಥೆಯ ಒಂದು ನಿಯಂತ್ರಕ ತೀರ್ಮಾನಿಸುತ್ತದೆ. ಲಿನಕ್ಸ್‌ನಲ್ಲಿ ಈ ನಿಯಂತ್ರಕವನ್ನು ಪರಿಶೀಲಿಸಲು ಮತ್ತು ಬದಲಿಸಲು 'ಸಿಪಿಯುಪವರ್' ಎಂಬ ಕಮಾಂಡ್ ಲೈನ್ ಉಪಕರಣವಿದೆ. 'ಫ್ರೀಕ್ವೆನ್ಸಿ-ಇನ್ಫೋ' ಎಂದು ಕೇಳಿದರೆ ಯಂತ್ರದ ಮಿತಿಗಳನ್ನೂ ಜಾರಿಯಲ್ಲಿರುವ ನೀತಿಯನ್ನೂ ಅದು ತಿಳಿಸುತ್ತದೆ. 'ಫ್ರೀಕ್ವೆನ್ಸಿ-ಸೆಟ್' ಮೂಲಕ 'ಪರ್ಫಾರ್ಮೆನ್ಸ್' ನೀತಿಯನ್ನು ಆರಿಸಿದರೆ ವೇಗ ಮೇಲಿನ ಮಿತಿಯತ್ತ ಏರುತ್ತದೆ. ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದರೆ ಹಳೆಯ ನೀತಿಯೇ ಮರಳುವುದರಿಂದ ಪ್ರಯೋಗಕ್ಕೆ ಅಂಜಬೇಕಾಗಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. 'ಪವರ್‌ಸೇವ್' ಎಂಬ ಒಂದೇ ಹೆಸರಿಗೆ ಎರಡು ಅರ್ಥಗಳಿವೆ. ತೀರ ಹಳೆಯ ಗಣಕಗಳು ಬಳಸುವ ಎಸಿಪಿಐ ಚಾಲಕದಲ್ಲಿ ಅದು ಪ್ರೊಸೆಸರನ್ನು ಕನಿಷ್ಠ ವೇಗಕ್ಕೇ ಕಟ್ಟಿಹಾಕುತ್ತದೆ. ಇಂಟೆಲ್‌ನ ಪಿ-ಸ್ಟೇಟ್ ಚಾಲಕ ಸಕ್ರಿಯ ಸ್ಥಿತಿಯಲ್ಲಿದ್ದರೆ ಅದೇ ನೀತಿ ಕೆಲಸದ ಭಾರಕ್ಕೆ ತಕ್ಕಂತೆ ವೇಗವನ್ನು ಏರಿಳಿಸುತ್ತದೆ. ಮೊದಲನೆಯದರಲ್ಲಿ ಆದೇಶದ ಫಲ ಕಣ್ಣಿಗೆ ಕಾಣುವಂತಿದ್ದರೆ ಎರಡನೆಯದರಲ್ಲಿ ಅಲ್ಪ. ಒಬ್ಬರು ಹೊಗಳಿದ ಉಪಾಯ ಇನ್ನೊಬ್ಬರಿಗೆ ನಿಷ್ಫಲವೆನಿಸಲು ಇದೂ ಒಂದು ಕಾರಣ.

ಇನ್ನು ಕೆಲವು ಲ್ಯಾಪ್‌ಟಾಪ್‌ಗಳ ಕಥೆ ವಿಚಿತ್ರ. ಚಾರ್ಜರಿನ ಗುರುತು ಸಿಗದಿದ್ದರೆ ಅಥವಾ ಒಂದು ಸಂವೇದಕ ಕೆಟ್ಟರೆ, 'ಬಿಸಿಯೇರಿದೆ' ಎಂಬ ಸುಳ್ಳು ಸಂಕೇತ ಪ್ರೊಸೆಸರ್‌ಗೆ ತಲುಪಿ ವೇಗ 400 ಅಥವಾ 800 ಮೆಗಾಹರ್ಟ್ಸ್‌ಗೆ ಕುಸಿಯುತ್ತದೆ. ಬಡಪಾಯಿ ಬಳಕೆದಾರ ವೈರಸ್ ಹೊಕ್ಕಿದೆಯೆಂದೋ ಯಂತ್ರಕ್ಕೆ ವಯಸ್ಸಾಯಿತೆಂದೋ ಭಾವಿಸುತ್ತಾನೆ. ಪ್ರೊಸೆಸರಿನ ಒಳ ರಿಜಿಸ್ಟರನ್ನು ತಿದ್ದಿ ಈ ಸಂಕೇತವನ್ನು ಕಡೆಗಣಿಸುವಂತೆ ಮಾಡುವ ಆದೇಶಗಳೂ ಇವೆ. ಆದರೆ ಬಿಸಿ ನಿಜವೇ ಆಗಿದ್ದರೆ ಇದು ಕಾವಲುಗಾರನ ಬಾಯಿ ಮುಚ್ಚಿಸಿದಂತೆ. ಮೊದಲು ಬೇರೊಂದು ಅಸಲಿ ಚಾರ್ಜರ್ ಹಾಕಿ ನೋಡುವುದು ಜಾಣತನ.

ಮೂರನೆಯ ಕಡಿವಾಣ ಭದ್ರತೆಯದು. 2018ರ ಜನವರಿಯಲ್ಲಿ 'ಮೆಲ್ಟ್‌ಡೌನ್' ಮತ್ತು 'ಸ್ಪೆಕ್ಟರ್' ಎಂಬ ದೋಷಗಳು ಬಹಿರಂಗವಾದಾಗ ಅವುಗಳ ತಡೆಗೆ ತಂತ್ರಾಂಶದಲ್ಲೇ ತೇಪೆ ಹಾಕಲಾಯಿತು. ಹಳೆಯ ಪ್ರೊಸೆಸರ್‌ಗಳಲ್ಲಿ ವೇಗ ಕುಗ್ಗುವುದು ಕೆಲವರ ಅನುಭವಕ್ಕೆ ಬಂದೀತೆಂದು ಮೈಕ್ರೋಸಾಫ್ಟ್ ಆಗಲೇ ಒಪ್ಪಿಕೊಂಡಿತ್ತು. ಲಿನಕ್ಸ್‌ನಲ್ಲಿ ಈ ತೇಪೆಗಳನ್ನೆಲ್ಲ ಒಂದೇ ಪದದಿಂದ ಕಳಚುವ ಸೌಲಭ್ಯ 2019ರಲ್ಲಿ ಬಂತು. ಅಂತರಜಾಲ ಸಂಪರ್ಕವೇ ಇಲ್ಲದ ಯಂತ್ರವಾದರೆ ಸರಿ; ಸಂಘದ ಸದಸ್ಯರ ಖಾತೆಗಳಿರುವ ಗಣಕದಲ್ಲಿ ಇದನ್ನು ಮಾಡುವುದು ಅಕ್ಷಮ್ಯವೆಂದೇ ಈ ಲೇಖಕನ ಅಭಿಪ್ರಾಯ.

ಇಷ್ಟಾಗಿಯೂ ಆದೇಶವೆಂಬುದು ಮಂತ್ರವಲ್ಲ. ಕರಾವಳಿಯ ಬೇಸಿಗೆಯಲ್ಲಿ, ಧೂಳು ತುಂಬಿದ ಫ್ಯಾನಿನ ಕೆಳಗೆ ಪ್ರೊಸೆಸರನ್ನು ಪೂರ್ಣ ವೇಗಕ್ಕೆ ಬಿಟ್ಟರೆ ಅದು ಕಾದು ಆತ್ಮರಕ್ಷಣೆಗಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಪಡೆದದ್ದಕ್ಕಿಂತ ಕಳೆದದ್ದೇ ಹೆಚ್ಚಾಗಬಹುದು. ತಿರುಗುವ ಹಾರ್ಡ್ ಡಿಸ್ಕ್‌ನ ನಿಧಾನಕ್ಕಂತೂ ಪ್ರೊಸೆಸರ್ ಹೊಣೆಯೇ ಅಲ್ಲ. ಅಲ್ಲಿ ಎಸ್‌ಎಸ್‌ಡಿ ಹಾಕಿಸುವುದೇ ಮದ್ದು.

ನೆರೆಯ ಕೇರಳದ ಶಾಲೆಗಳು 'ಕೈಟ್' ಸಂಸ್ಥೆ ಸಿದ್ಧಪಡಿಸಿದ ಉಬುಂಟು ಆಧಾರಿತ ವ್ಯವಸ್ಥೆಯನ್ನು ಬಳಸುತ್ತಿವೆ. ನಮ್ಮಲ್ಲಿ ಹಾಗೆ ಮಾಡಲು ಪ್ರೊಸೆಸರ್ ಅಡ್ಡಿಯಲ್ಲ, ಕೀಲಿಮಣೆಯೂ ಅಡ್ಡಿಯಲ್ಲ. ಕಗಪ ವಿನ್ಯಾಸ ಲಿನಕ್ಸ್‌ನಲ್ಲೂ ಲಭ್ಯ. ತೊಡಕಿರುವುದು ಯೂನಿಕೋಡ್ ಪೂರ್ವದ ನುಡಿ, ಬರಹ ಫಾಂಟುಗಳಲ್ಲಿ ವರ್ಷಗಟ್ಟಲೆ ಬೆರಳಚ್ಚಾದ ಕಡತಗಳಲ್ಲಿ. ಅವನ್ನು ಪರಿವರ್ತಿಸಿ, ಒಂದೊಂದಾಗಿ ಓದಿ ತಿದ್ದುವ ಕೆಲಸಕ್ಕೆ ಯಾವ ಕಚೇರಿಯೂ ಆಳು ನೇಮಿಸುವುದಿಲ್ಲ. ಹೊಸ ಗಣಕದ ಖರೀದಿಗಾದರೆ ಟಿಪ್ಪಣಿ ಬೇಗನೆ ಮೇಲೇರುತ್ತದೆ.