ಪಾಸ್ತಾ ಬಸಿದ ನೀರು

ಕಳೆದ ಡಿಸೆಂಬರ್ ರಜೆಯಲ್ಲಿ ನಾವು ಐದು ಜನ ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ಮೂರು ದಿನ ಕಾಮಸಮುದ್ರದ ಕಡೆ ಇದ್ದು ಬಂದೆವು. "ಕಾಮಸಮುದ್ರಾನಾ? ಅಲ್ಲೇನಿದೆ?" ಅಂತ ಕೇಳದವರು ಹಾಸ್ಟೆಲ್‌ನಲ್ಲಿ ಯಾರೂ ಇಲ್ಲ. ಬಂಗಾರಪೇಟೆಯಿಂದ ಕುಪ್ಪಂ ಕಡೆ ಹೋಗೋ ರೈಲಿನಲ್ಲಿ ಕೂತರೆ ಸಿಗುವ ಊರು ಅದು. ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಗುಡ್ಡ, ಕೆರೆ, ಕೊಯ್ಲು ಮುಗಿದ ರಾಗಿ ಹೊಲ, ಹೊಲದ ಮೂಲೆಯಲ್ಲಿ ಮೆದೆ. ನಮಗೆ ಅಷ್ಟೇ ಬೇಕಿತ್ತು.

ಈಗ ಮುಂದಿನ ಟ್ರಿಪ್‌ಗೆ ಜೂನಿಯರ್‌ಗಳು ಸಾಮಾನಿನ ಪಟ್ಟಿ ಮಾಡಿ ಗ್ರೂಪಿನಲ್ಲಿ ಹಾಕಿದ್ದಾರೆ. ನೋಡಿದರೆ ಅದು ನಮ್ಮದೇ ಹಳೇ ಪಟ್ಟಿ! ಅದಕ್ಕೇ ಇದನ್ನು ಬರೀತಿದ್ದೇವೆ.

ಹೊರಡುವ ಹಿಂದಿನ ದಿನ ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ನುಗ್ಗಿದ್ದೆವು. ಬೆಳಕು, ಸಂಗೀತ, ಗಾಜಿನ ಶೀಶೆಗಳು. ಪೆನ್ನೆ ಪಾಸ್ತಾ, ಪೆಸ್ಟೊ, ಕಿನ್ವಾ, ಆಲಿವ್ ಎಣ್ಣೆ, ಕೊರಿಯನ್ ರಾಮೆನ್, ಚೀಸ್, ಬಾದಾಮಿ ಹಾಲು. ಬಿಲ್ಲು ನಾಲ್ಕು ಸಾವಿರ ದಾಟಿತು. ವ್ಯಾನಿನಲ್ಲಿ ಅಡುಗೆ ಮಾಡೋದು ಅಂದ್ರೆ ಇನ್‌ಸ್ಟಾಗ್ರಾಮಿನಲ್ಲಿ ತೋರಿಸೋ ಹಾಗೇ ಇರುತ್ತೆ ಅಂತ ನಂಬಿದ್ದೆವು. ಮರದ ಹಲಗೆ ಮೇಲೆ ಚೀಸ್ ಕತ್ತರಿಸೋದು, ಹಿಂದೆ ಸೂರ್ಯ ಮುಳುಗೋದು, ಅಷ್ಟೇ.

ಮೊದಲ ಸಂಜೆ ಪಾಸ್ತಾ. ನೂರು ಗ್ರಾಂಗೆ ಒಂದು ಲೀಟರ್ ಅನ್ನೋ ಲೆಕ್ಕದಲ್ಲಿ ಅರ್ಧ ಕೆಜಿಗೆ ಐದು ಲೀಟರ್ ನೀರಿಟ್ಟೆವು, ವ್ಯಾನಿನ ಇಂಡಕ್ಷನ್ ಒಲೆ ಮೇಲೆ. ನೀರು ಕುದಿ ಬರುವಷ್ಟರಲ್ಲಿ ಇನ್ವರ್ಟರ್ ಕೀ ಕೀ ಅಂತ ಅರಚಿ ನಿಂತೇ ಹೋಯಿತು. ಅರೆಬೆಂದ ಪಾಸ್ತಾ ನೋಡುತ್ತಾ ಕೂತಾಗ ಯಾರೋ ಪೆನ್ನು ತೆಗೆದರು. ಎಷ್ಟೆಂದರೂ ಎಂಜಿನಿಯರಿಂಗ್ ಮಕ್ಕಳು, ಹಸಿವಾದರೂ ಲೆಕ್ಕ ಬಿಡಲ್ಲ.

ಕೋಲಾರದ ಪ್ರಸ್ಥಭೂಮಿ ಸುಮಾರು 800 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಐದು ಲೀಟರನ್ನು 25ರಿಂದ 97 ಡಿಗ್ರಿಗೆ ಏರಿಸೋಕೆ 0.42 ಯೂನಿಟ್ ಬೇಕು. ಇನ್ವರ್ಟರ್, ಒಲೆ ಎರಡರ ನಷ್ಟ ಸೇರಿಸಿದರೆ 0.55. ನಮ್ಮ ವ್ಯಾನಿನ ಬ್ಯಾಟರಿ 12 ವೋಲ್ಟ್, 100 ಆಂಪಿಯರ್ ಅವರ್, ಅಂದರೆ ಹೆಸರಿಗೆ 1.2 ಯೂನಿಟ್. ಲೆಡ್ ಆಸಿಡ್ ಆದ್ದರಿಂದ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು, ಉಳಿದದ್ದು 0.6. ಅದೂ 1200 ವ್ಯಾಟ್ ಒಲೆಗೆ ಬ್ಯಾಟರಿಯಿಂದ 100 ಆಂಪಿಯರ್ ಮೇಲೆ ಎಳೀಬೇಕು, ಅಷ್ಟು ಜೋರಾಗಿ ಎಳೆದರೆ ಅಷ್ಟೂ ಸಿಗಲ್ಲ. ಪ್ಯೂಕರ್ಟ್ ನಿಯಮವನ್ನು ಇಂಟರ್ನಲ್ಸ್‌ಗೆ ಓದಿ ಮರೆತಿದ್ದೆವು, ಆವತ್ತು ನೆನಪಾಯಿತು.

ಕೊನೆಗೆ ಗ್ಯಾಸ್ ಹಚ್ಚಿ ಬೇಯಿಸಿದೆವು. ಹೊರಗೆ ಚಳಿ ಅಂತ ಬಾಗಿಲು ಕಿಟಕಿ ಎಲ್ಲ ಮುಚ್ಚಿ! ಇಪ್ಪತ್ತು ನಿಮಿಷಕ್ಕೆ ಇಬ್ಬರಿಗೆ ತಲೆನೋವು ಶುರುವಾಯಿತು. ಆಮೇಲೆ ಯಾರೋ ಬಾಗಿಲು ತೆಗೆದರು. ಇದನ್ನು ತಮಾಷೆಯಾಗಿ ಹೇಳೋಕಾಗಲ್ಲ. ಮುಚ್ಚಿದ ಗಾಡಿಯಲ್ಲಿ ಒಲೆ ಉರಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾಸ್ ಸೋರಿದರೆ ಅದು ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತೆ, ನಾವು ಹಾಸಿಗೆ ಹಾಸೋದೂ ಕೆಳಗೇ. ಲಾರಿ ಡ್ರೈವರ್‌ಗಳು ಗಾಡಿ ನಿಲ್ಲಿಸಿ ರಸ್ತೆ ಪಕ್ಕ ಇಳಿದು ಸ್ಟವ್ ಹಚ್ಚುತ್ತಾರಲ್ಲ, ಅವರು ನಮಗಿಂತ ಬುದ್ಧಿವಂತರು. ಎಷ್ಟೇ ಚಳಿ ಇರಲಿ, ಒಲೆ ಹೊರಗೆ.

ಆದರೆ ನಾವು ಹೇಳಬೇಕಾದ ಮುಖ್ಯ ವಿಷಯ ಆ ಪಾಸ್ತಾ ನೀರಿನದು. ಬೆಳಿಗ್ಗೆ ಟ್ಯಾಂಕ್ ತುಂಬಿಸೋಕೆ ಊರೊಳಗೆ ಬಂದಿದ್ದೆವು. ರಾತ್ರಿ ಬಸಿದಿಟ್ಟಿದ್ದ ನೀರನ್ನು ಪಕ್ಕದ ಚರಂಡಿಗೆ ಸುರಿಯುವಾಗ ಬಿಂದಿಗೆ ಹಿಡಿದು ನಿಂತಿದ್ದ ಒಬ್ಬ ಅಜ್ಜಿ ಕೇಳಿದರು: "ಯಾಕಪ್ಪಾ, ಬಸಿದ ನೀರು ಚೆಲ್ತೀರಾ?" ಬೈದಿದ್ದಲ್ಲ, ನಿಜವಾಗಲೂ ಅರ್ಥವಾಗದೆ ಕೇಳಿದ್ದು. ಬಸಿದ ನೀರಿನಿಂದಲೇ ಸಾರು ಮಾಡಿ ಅದಕ್ಕೆ ಬಸ್ಸಾರು ಅಂತ ಹೆಸರಿಟ್ಟ ಸೀಮೆ ಅದು. ವರ್ಷವಿಡೀ ಹರಿಯೋ ನದಿ ಇಲ್ಲದ ಜಿಲ್ಲೆ. ಬೋರ್‌ವೆಲ್ ಸಾವಿರ ಅಡಿ ದಾಟಿ ಹೋಗಿರೋದು, ಅಲ್ಲಿ ಸಿಕ್ಕ ನೀರಲ್ಲಿ ಫ್ಲೋರೈಡ್ ಇರೋದು, ಕುಡಿಯೋಕೆ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲೋದು, ಇವೆಲ್ಲ ಕೋಲಾರದವರಿಗೆ ಹೊಸ ಸುದ್ದಿ ಅಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ಬಿಡ್ತಿದ್ದಾರೆ, ಅಂತರ್ಜಲ ಏರಲಿ ಅಂತ. ಅಂದರೆ ಬೆಂಗಳೂರು ಬಳಸಿ ಬಿಟ್ಟ ನೀರಿಗೆ ಕಾಯೋ ಜಿಲ್ಲೆಗೆ ಬೆಂಗಳೂರಿನಿಂದ ಹೋಗಿ, ಅಲ್ಲಿಯ ಕುಡಿಯೋ ನೀರನ್ನು ಕುದಿಸಿ ಚರಂಡಿಗೆ ಹಾಕಿದವರು ನಾವು.

ಕಿನ್ವಾ ಇನ್ನೂ ಮೋಸ. ಅದರ ಮೇಲೆ ಸಪೋನಿನ್ ಅನ್ನೋ ಕಹಿ ಪದಾರ್ಥ ಇರುತ್ತೆ, ಚೆನ್ನಾಗಿ ತೊಳೀರಿ ಅಂತ ಪ್ಯಾಕೆಟ್ ಮೇಲೇ ಬರೆದಿತ್ತು. ನಾಲ್ಕು ಸಲ ತೊಳೆದೆವು. ವ್ಯಾನಿನ ಟ್ಯಾಂಕ್ ಇರೋದು 60 ಲೀಟರ್.

ಇಷ್ಟು ಓದಿ "ಓ, ವಿದೇಶಿ ಊಟ ಬೇಡ, ಮುದ್ದೆ ತಿನ್ನಿ ಅಂತಾರೆ" ಅಂದುಕೊಳ್ಳಬೇಡಿ. ಆ ವಾದ ನಮಗೆ ಒಪ್ಪಿಗೆ ಇಲ್ಲ. ರಾಗಿಯ ಮೂಲ ಪೂರ್ವ ಆಫ್ರಿಕಾ. 'ರಾಗಿ ಲಕ್ಷ್ಮಣಯ್ಯ' ಅಂತಲೇ ಹೆಸರಾದ ವಿಜ್ಞಾನಿ ಇಲ್ಲಿಯ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿಯೇ ಇಂಡಾಫ್ ತಳಿಗಳನ್ನು ಕೊಟ್ಟರು, ಹೆಸರಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ. ಕೋಲಾರ ಮಾರುಕಟ್ಟೆಯಿಂದ ದೇಶವೆಲ್ಲ ಹೋಗೋ ಟೊಮೆಟೊ ಕಿನ್ವಾ ಥರಾನೇ ದಕ್ಷಿಣ ಅಮೆರಿಕದ್ದು. ಹುಟ್ಟಿದೂರು ನೋಡಿ ಊಟ ಬೇರೆ ಮಾಡೋಕೆ ಹೊರಟರೆ ತಟ್ಟೆಯಲ್ಲಿ ಏನೂ ಉಳಿಯಲ್ಲ. ನೋಡಬೇಕಾದ್ದು ಬೇರೆ: ಎಷ್ಟು ನೀರು ಕೇಳುತ್ತೆ, ಎಷ್ಟು ಬೆಂಕಿ ಕೇಳುತ್ತೆ, ಫ್ರಿಜ್ ಬೇಕಾ, ಎಷ್ಟು ಪಾತ್ರೆ ತೊಳೀಬೇಕು.

ಆ ಲೆಕ್ಕದಲ್ಲಿ ಅಂಗಡಿಯ ಎಲ್ಲ ಸಾಮಾನೂ ಸೋಲಲ್ಲ. ಬಿಸಿ ಮಾಡಿ ತಿನ್ನೋ ಪೊಟ್ಟಣಗಳ ಬಗ್ಗೆ ನಮ್ಮಲ್ಲಿ ಸುಮ್ಮನೆ ತಾತ್ಸಾರ ಇದೆ. ಪದರ ಪದರದ ಚೀಲದಲ್ಲಿ ಊಟ ತುಂಬಿ, ಮುಚ್ಚಿ, ಒತ್ತಡದಲ್ಲಿ ಬೇಯಿಸಿ ಕ್ರಿಮಿ ಕೊಲ್ಲೋದು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ, 1961ರಲ್ಲಿ ಶುರುವಾದದ್ದು, ಸೈನಿಕರಿಗಾಗಿ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಎರಡು ಲೋಟ ಬಿಸಿನೀರಲ್ಲಿ ಪೊಟ್ಟಣ ಮುಳುಗಿಸಿ ತೆಗೆದರೆ ಊಟ ರೆಡಿ, ಆ ನೀರಲ್ಲೇ ಕೈ ತೊಳೀಬಹುದು. ನಂದಿನಿ ಗುಡ್‌ಲೈಫ್ ಹಾಲು ಒಡೆಯೋವರೆಗೆ ಫ್ರಿಜ್ ಕೇಳಲ್ಲ. ನಮ್ಮ ಬಾದಾಮಿ ಹಾಲಿನ ಬೆಲೆಗೆ ಅದು ಎಷ್ಟು ಬರ್ತಿತ್ತು ಅಂತ ಲೆಕ್ಕ ಹಾಕಿ ಹೊಟ್ಟೆ ಉರಿಸಿಕೊಂಡೆವು. ಆದರೆ ಖಾಲಿ ಪೊಟ್ಟಣದ್ದೇ ತಲೆನೋವು. ಪ್ಲಾಸ್ಟಿಕ್ಕು ಅಲ್ಯುಮಿನಿಯಂ ಅಂಟಿಸಿದ್ದನ್ನು ಹಳ್ಳಿಯಲ್ಲಿ ಯಾರೂ ಕೊಳ್ಳಲ್ಲ, ಸುಟ್ಟುಬಿಡ್ತಾರೆ. ಎಣಿಸಿದರೆ 23 ಇದ್ದವು, ಚೀಲಕ್ಕೆ ತುಂಬಿ ವಾಪಸ್ ತಂದೆವು.

ಎಲ್ಲಕ್ಕಿಂತ ಮೇಲೆ ನಿಂತದ್ದು ಹುರಿಹಿಟ್ಟು. ರಾಗಿಗೆ ಸ್ವಲ್ಪ ನೀರು ತಾಗಿಸಿ, ಕಾದ ಬಾಣಲೆಯಲ್ಲಿ ಅರಳಿಸಿ, ಬೀಸಿದ ಹಿಟ್ಟು. ಬೆಂದೇ ಬಂದಿರುತ್ತೆ. ಬೆಲ್ಲ, ಹಾಲು ಹಾಕಿ ಕಲಸಿದರೆ ಮುಗೀತು. ಬೆಂಕಿ ಸೊನ್ನೆ, ಒಂದು ಲೋಟ, ಒಂದು ಚಮಚ. ದಾರಿ ನಡೆಯೋರು ಕಟ್ಟಿಕೊಂಡು ಹೋಗ್ತಿದ್ದ ಬುತ್ತಿ ಇದು, ಕ್ಯಾಂಪರ್‌ಗೆ ಅಂತಲೇ ಮಾಡಿದ ಹಾಗಿದೆ. ನಮ್ಮಲ್ಲಿ ಒಬ್ಬನ ಅಮ್ಮ ಡಬ್ಬಿ ತುಂಬಿ ಕೊಟ್ಟಿದ್ದರು. ಅವನು ಮರ್ಯಾದೆ ಹೋಗುತ್ತೆ ಅಂತ ಎರಡು ದಿನ ಬ್ಯಾಗಿನಿಂದ ತೆಗೆದಿರಲಿಲ್ಲ!

ಎರಡನೇ ರಾತ್ರಿ ಇನ್ನೊಂದು ಪಾಠ ಆಯ್ತು. ಕಾಡಂಚಿನ ಒಂದು ಹೊಲದ ಪಕ್ಕ ವ್ಯಾನ್ ನಿಲ್ಲಿಸಿದ್ದೆವು. ಎಂಟು ಗಂಟೆಗೆ ಟಾರ್ಚ್ ಹಿಡಿದು ರೈತರೊಬ್ಬರು ಬಂದರು. ಮೊದಲ ಪ್ರಶ್ನೆಯೇ "ಗಾಡೀಲಿ ತಿನ್ನೋಕೆ ಏನಿದೆ?" ಹಸಿದು ಕೇಳ್ತಿದ್ದಾರೆ ಅಂತ ನಾವು ರಾಮೆನ್ ಕೊಡೋಕೆ ಹೋದೆವು. ಅವರು ಕೇಳಿದ್ದು ಆನೆಗೋಸ್ಕರ. ಗಡಿಯಾಚೆಯ ಕಾಡಿನಿಂದ ಕಾಮಸಮುದ್ರ ಹೋಬಳಿಗೆ ಆನೆ ಬರೋದು ಹೊಸದಲ್ಲ. ರಾಗಿ, ಟೊಮೆಟೊ, ಬಾಳೆ ತುಳಿದಿವೆ, ಜನರೂ ಸತ್ತಿದ್ದಾರೆ. ಬಾಳೆಹಣ್ಣು, ಬೆಲ್ಲ, ಮಿಕ್ಕಿದ ಅನ್ನ ಇಟ್ಟುಕೊಂಡು ಕತ್ತಲಲ್ಲಿ ನಿಂತ ತಗಡಿನ ಡಬ್ಬಿ ನಾವು. ಅವರೇ ಮುಂದೆ ಬೈಕಿನಲ್ಲಿ ಹೋಗಿ ಊರೊಳಗೆ ಹಾಲಿನ ಡೇರಿ ಪಕ್ಕ ಜಾಗ ತೋರಿಸಿದರು. ವಾಪಸ್ ಹೋಗಿ ಅಟ್ಟಣೆ ಮೇಲೆ ಕಾವಲು ಕೂರಬೇಕು ಅಂತ ಟೀ ಕೂಡ ಕುಡೀಲಿಲ್ಲ. ಕಾಡಂಚು ಎಷ್ಟೇ ಚೆನ್ನಾಗಿ ಫೋಟೋಗೆ ಬಂದರೂ ಅಲ್ಲಿ ಮಲಗಬೇಡಿ, ಊರಿನವರನ್ನು ಕೇಳದೆ ಒಲೆ ಹಚ್ಚಬೇಡಿ.

ಕೊನೆಯ ಮಧ್ಯಾಹ್ನ ಅವರೆಕಾಯಿ, ಒಂದು ಕಟ್ಟು ದಂಟಿನ ಸೊಪ್ಪು, ಟೊಮೆಟೊ ತಗೊಂಡು ಬಸ್ಸಾರು ಮಾಡಿದೆವು. ಅವರೆ ಸಿಪ್ಪೆ ಡೇರಿ ಪಕ್ಕದ ಮನೆ ಹಸುವಿಗೆ ಹೋಯ್ತು. ರಾಗಿ ಹಿಟ್ಟು ತಂದಿರಲಿಲ್ಲ, ಉಳಿದಿದ್ದ ಪೆನ್ನೆಯನ್ನೇ ಆ ಬಸಿದ ನೀರಿಗೆ ಹಾಕಿ, ನೀರೆಲ್ಲ ಹೀರುವ ತನಕ ಬೇಯಿಸಿದೆವು. ಒಂದು ತೊಟ್ಟೂ ಚೆಲ್ಲಲಿಲ್ಲ. ಮೊದಲ ದಿನದ್ದಕ್ಕಿಂತ ಚೆನ್ನಾಗಿತ್ತು, ಇದನ್ನು ಮನೆಯಲ್ಲಿ ಯಾರಿಗೂ ಹೇಳಬೇಡಿ. ಪೆಸ್ಟೊ ಶೀಶೆ ಮುಕ್ಕಾಲು ಪಾಲು ಹಾಗೇ ಉಳಿದಿದೆ, ಹಾಸ್ಟೆಲ್ ಮೆಸ್ಸಿನ ಫ್ರಿಜ್ಜಿನಲ್ಲಿ. ಜೂನಿಯರ್‌ಗಳು ಪಟ್ಟಿಯಿಂದ ಆ ಸಾಲು ಹೊಡೆದುಹಾಕಿ, ಅದನ್ನೇ ತಗೊಂಡು ಹೋಗಬಹುದು. ಕೆಟ್ಟಿದೆಯಾ ಅಂತ ಮೊದಲು ಮೂಸಿ ನೋಡಿ.